ಟಿಬಿಗೆ ಪಾಸ್‌ಪೋರ್ಟ್ ಬೇಡ, ನಮಗೆ ನಕ್ಷೆ ಬೇಕು

ಯುಕೆಗೆ ಮಾಸ್ಟರ್ಸ್ ಮಾಡಲು ಹೊರಟ ಸೀನಿಯರ್‌ಗಳನ್ನು ಒಮ್ಮೆ ಕೇಳಿ ನೋಡಿ. ಐಇಎಲ್‌ಟಿಎಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಫರ್ ಲೆಟರ್ ಎಲ್ಲ ಆದ ಮೇಲೂ ಇನ್ನೊಂದು ಕಾಗದ ಬೇಕಾಗ್ತದೆ: ಟಿಬಿ ಇಲ್ಲ ಎನ್ನುವ ಸರ್ಟಿಫಿಕೇಟ್. ಆರು ತಿಂಗಳಿಗಿಂತ ಹೆಚ್ಚು ಅಲ್ಲಿ ಇರುವುದಾದರೆ ಭಾರತದಿಂದ ಹೋಗುವವರು ಎದೆಯ ಎಕ್ಸ್‌ರೇ ತೆಗೆಸಲೇಬೇಕು. ಗಲ್ಫ್‌ಗೆ ಹೋಗುವವರ ಪಾಡು ಇನ್ನೂ ಕಷ್ಟ. ಎಂದೋ ಬಂದು ವಾಸಿಯಾದ ಟಿಬಿಯ ಹಳೇ ಕಲೆ ಶ್ವಾಸಕೋಶದಲ್ಲಿ ಕಂಡರೂ 'ಅನ್‌ಫಿಟ್'. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ 'ಮೆಡಿಕಲ್‌ನಲ್ಲಿ ಹೋಯ್ತು ಮಾರಾಯ' ಎಂಬ ಮಾತನ್ನು ಕೇಳದವರು ಕಡಿಮೆ.

ದೇಶದ ಗಡಿ ಕೇಳುವ ಪ್ರಶ್ನೆ ಇಷ್ಟೇ: ಟಿಬಿ ಉಂಟಾ, ಇಲ್ವಾ? ಆದರೆ ಈ ರೋಗವನ್ನು ನಿಜವಾಗಿ ನಿಲ್ಲಿಸಬೇಕಾದವರು ಕೇಳಬೇಕಾದ ಪ್ರಶ್ನೆಗಳು ಬೇರೆ. ಯಾವ ತಳಿಯ ಟಿಬಿ? ಅದು ಈಗ ನಮ್ಮ ನಡುವೆ ಹರಡ್ತಾ ಇದೆಯಾ, ಅಥವಾ ಹತ್ತು ವರ್ಷ ಹಿಂದೆ ಹತ್ತಿಕೊಂಡದ್ದು ಈಗ ಎದ್ದಿತಾ? ಯಾವ ಔಷಧಿಗೆ ಅದು ಬಗ್ಗುವುದಿಲ್ಲ? ಇವಕ್ಕೆ ಉತ್ತರ ಹುಡುಕುವ ವಿದ್ಯೆ ಜಗತ್ತಿನಲ್ಲಿ ಆಗಲೇ ಇದೆ. ಅದು ಪ್ರಯೋಗಾಲಯ ಮತ್ತು ಸಂಶೋಧನಾ ಪ್ರಬಂಧಗಳ ಒಳಗೇ ಉಳಿಯಬಾರದು, ನಮ್ಮ ತಾಲೂಕು ಆಸ್ಪತ್ರೆಯವರೆಗೆ ಬರಬೇಕು ಎನ್ನುವುದು ನಮ್ಮ ವಾದ. ಹಾಗೆ ಬರುವಾಗ ಅದು ಯಾರ ಮೇಲೂ ಬೆರಳು ತೋರಿಸುವ ಆಯುಧ ಆಗಬಾರದು ಎನ್ನುವುದೂ ಅಷ್ಟೇ ಮುಖ್ಯ.

'ಇದೆಲ್ಲ ಮೆಡಿಕಲ್‌ನವರ ವಿಷಯ, ನಮಗೆಂತಕ್ಕೆ?' ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೇವೆ: ಇದರ ಅರ್ಧ ಭಾಗ ನಮ್ಮ ಸಿಲಬಸ್ಸೇ.

ಟಿಬಿ ಬ್ಯಾಕ್ಟೀರಿಯಾದ ಜೀನೋಮ್ ಅಂದರೆ ಸುಮಾರು 44 ಲಕ್ಷ ಅಕ್ಷರಗಳ ಒಂದು ಸ್ಟ್ರಿಂಗ್. ಅಕ್ಷರಮಾಲೆಯಲ್ಲಿ ಇರುವುದು ನಾಲ್ಕೇ ಅಕ್ಷರ. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಈ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದರು. ಅದರ ಪೂರ್ತಿ ಸ್ಟ್ರಿಂಗ್ ಓದಿ ಪ್ರಕಟಿಸಿದ್ದು 1998ರಲ್ಲಿ. ಬ್ಯಾಕ್ಟೀರಿಯಾ ತನ್ನ ಪ್ರತಿ ಮಾಡಿಕೊಳ್ಳುವಾಗ ಅಪರೂಪಕ್ಕೆ ಒಂದು ಅಕ್ಷರ ತಪ್ಪಿ ಹೋಗ್ತದೆ. ಟಿಬಿಯಲ್ಲಿ ಹೀಗಾಗುವುದು ತುಂಬಾ ನಿಧಾನ, ಸರಾಸರಿ ಎರಡು ಮೂರು ವರ್ಷಕ್ಕೆ ಒಂದು ಅಕ್ಷರ. ಆ ತಪ್ಪು ಮುಂದಿನ ಎಲ್ಲ ಪ್ರತಿಗಳಲ್ಲೂ ಉಳಿಯುತ್ತದೆ.

ಗಿಟ್ ಬಳಸಿದವರಿಗೆ ಇದು ತಟ್ಟನೆ ಅರ್ಥವಾಗ್ತದೆ. ಪ್ರತಿ ತಪ್ಪೂ ಒಂದು ಕಮಿಟ್. ತಳಿ ಕವಲೊಡೆದರೆ ಅದು ಬ್ರ್ಯಾಂಚ್. ಇನ್ನೂ ಒಂದು ಅನುಕೂಲ ಉಂಟು: ಬೇರೆ ಅನೇಕ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಜೀನ್ ಹಂಚಿಕೊಳ್ತವೆ, ಟಿಬಿಯಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂದರೆ ಈ ರೆಪಾಸಿಟರಿಯಲ್ಲಿ ಮರ್ಜ್ ಇಲ್ಲ, ಬರೇ ಫೋರ್ಕ್. ಹಾಗಾಗಿ ಇವತ್ತಿನ ರೋಗಿಗಳ ಮಾದರಿಗಳನ್ನು ಇಟ್ಟುಕೊಂಡು ಹಿಂದೆ ಹಿಂದೆ ನಡೆದರೆ ಮರದ ಬುಡದವರೆಗೆ ಹೋಗಬಹುದು. ಇಬ್ಬರು ರೋಗಿಗಳ ಬ್ಯಾಕ್ಟೀರಿಯಾಗಳ ನಡುವೆ ಎಷ್ಟು ಅಕ್ಷರ ಬೇರೆ ಎಂದು ಎಣಿಸುವುದು ನಾವು ಕಲಿತ ಹ್ಯಾಮಿಂಗ್ ಡಿಸ್ಟೆನ್ಸ್ ಅಲ್ಲದೆ ಬೇರೇನೂ ಅಲ್ಲ. 2013ರಲ್ಲಿ ಬ್ರಿಟನ್ನಿನಲ್ಲಿ ನಡೆದ ಅಧ್ಯಯನ ಒಂದು ಅಳತೆಗೋಲು ಕೊಟ್ಟಿತು: ವ್ಯತ್ಯಾಸ 5 ಅಕ್ಷರ ಅಥವಾ ಕಡಿಮೆ ಇದ್ದರೆ ಇತ್ತೀಚೆಗೆ ಹರಡಿದ ಸಾಧ್ಯತೆ ಹೆಚ್ಚು, 12ಕ್ಕಿಂತ ಜಾಸ್ತಿ ಇದ್ದರೆ ಇತ್ತೀಚಿನ ಸಂಬಂಧ ಇಲ್ಲವೆಂದೇ ಹೇಳಬಹುದು. ಇಂಗ್ಲೆಂಡ್ 2017ರ ಹೊತ್ತಿಗೆ ಟಿಬಿ ಪತ್ತೆಯ ದಿನನಿತ್ಯದ ಕೆಲಸದಲ್ಲೇ ಪೂರ್ಣ ಜೀನೋಮ್ ಓದುವುದನ್ನು ಸೇರಿಸಿಕೊಂಡಿತು.

ಅದಕ್ಕೂ ಹಿಂದಿನ ವಿಧಾನ ಸ್ಪಾಲಿಗೋಟೈಪಿಂಗ್. 1997ರಲ್ಲಿ ಬಂತು. ಜೀನೋಮಿನ ಒಂದು ನಿರ್ದಿಷ್ಟ ಜಾಗದಲ್ಲಿ 43 ತುಣುಕುಗಳನ್ನು ಹುಡುಕುವುದು, ಇದ್ದರೆ 1, ಇಲ್ಲದಿದ್ದರೆ 0. ಬಂತಲ್ಲ ನಿಮಗೆ 43 ಬಿಟ್ಟಿನ ಕೋಡ್! ಅದನ್ನು 15 ಅಂಕಿಯ ಆಕ್ಟಲ್‌ಗೆ ಬದಲಿಸಿ ದೇಶದೇಶಗಳ ಪಟ್ಟಿಯೊಡನೆ ಹೋಲಿಸ್ತಾರೆ. ಫಸ್ಟ್ ಇಯರ್‌ನಲ್ಲಿ 'ಈ ಆಕ್ಟಲ್ ಎಲ್ಲಿ ಉಪಯೋಗಕ್ಕೆ ಬರ್ತದೆ ಸರ್' ಅಂತ ಕೇಳಿದವರಿಗೆ ಇದೊಂದು ಉತ್ತರ. ನಮ್ಮ ದಕ್ಷಿಣ ಕರಾವಳಿಯ ಮಾದರಿಗಳ ಮೇಲೂ ಮಣಿಪಾಲದ ಸಂಶೋಧಕರು ಈ ವಿಧಾನದಲ್ಲಿ ಕೆಲಸ ಮಾಡಿದ್ದಾರೆ.

ಹೀಗೆ ಓದುತ್ತಾ ಹೋದಾಗ ಟಿಬಿಯ ದೊಡ್ಡ ಕುಟುಂಬಗಳು ಗೊತ್ತಾದವು. ಅವುಗಳನ್ನು ಲೀನಿಯೇಜ್ 1, 2, 3 ಎಂದು ಸಂಖ್ಯೆಯಿಂದ ಕರೆಯುತ್ತಾರೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗುವುದು ಲೀನಿಯೇಜ್ 1. ಇದು ಹಿಂದೂ ಮಹಾಸಾಗರದ ಸುತ್ತಲಿನ ತಳಿ. ಪೂರ್ವ ಆಫ್ರಿಕಾದಲ್ಲೂ ಫಿಲಿಪೈನ್ಸ್‌ನಲ್ಲೂ ಇದೆ. ಉತ್ತರ ಭಾರತ, ಪಾಕಿಸ್ತಾನದ ಕಡೆ ಲೀನಿಯೇಜ್ 3 ಜಾಸ್ತಿ. ಪೂರ್ವ ಏಷ್ಯಾದಿಂದ ಹರಡಿದ್ದು ಲೀನಿಯೇಜ್ 2. ಯುರೋಪಿನವರ ಹಡಗುಗಳ ಜೊತೆ ಖಂಡಖಂಡ ಸುತ್ತಿದ್ದು ಲೀನಿಯೇಜ್ 4.

ಲೀನಿಯೇಜ್ 1ರ ಜೀನೋಮ್‌ಗಳನ್ನು ಹೋಲಿಸಿದವರು ಹೇಳುವ ಪ್ರಕಾರ ಅದು ದಕ್ಷಿಣ ಏಷ್ಯಾದಿಂದ ಪೂರ್ವ ಆಫ್ರಿಕಾಕ್ಕೂ ಆಗ್ನೇಯ ಏಷ್ಯಾಕ್ಕೂ ಹಲವು ಸಲ ದಾಟಿದೆ. ಕರಾವಳಿಯ ನಮಗೆ ಇದು ಆಶ್ಚರ್ಯ ಆಗಬೇಕಾಗಿಲ್ಲ. 12ನೇ ಶತಮಾನದಲ್ಲೇ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬಿನ್ ಯಿಜು ಏಡನ್ ದಾರಿಯಾಗಿ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಅವನ ಪತ್ರಗಳು ಕೈರೋದಲ್ಲಿ ಉಳಿದುಕೊಂಡಿವೆ. ನೇತ್ರಾವತಿಯ ದಂಡೆಯ ಬಂಟ್ವಾಳ ಪೇಟೆ ಬೆಳೆದದ್ದೇ ಘಟ್ಟದ ಮೇಲಿನ ಸರಕು ಇಳಿದು ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿದ್ದ ಕಾರಣಕ್ಕೆ. ಸರಕು ಹೋದಲ್ಲಿ ಮನುಷ್ಯರು ಹೋಗ್ತಾರೆ, ಮನುಷ್ಯರು ಹೋದಲ್ಲಿ ಕೆಮ್ಮೂ ಹೋಗ್ತದೆ. ಟಿಬಿ ನಮ್ಮ ಬಂದರಿನಿಂದಲೇ ಹೋಯ್ತು ಅಂತ ನಾವು ಹೇಳ್ತಾ ಇಲ್ಲ. ದಾರಿ ಒಂದೇ ದಿಕ್ಕಿನದ್ದಲ್ಲ, ನಾವೂ ಆ ದಾರಿಯಲ್ಲಿ ಇದ್ದವರು ಎನ್ನುವುದಷ್ಟೇ ಮಾತು.

ಈ ಮಾತಿಗೆ ಈಗ ಯಾಕೆ ಒತ್ತು ಕೊಡ್ತೇವೆ ಅಂದರೆ, ಇವತ್ತು ನಮ್ಮ ಮೂರು ತಾಲೂಕುಗಳಲ್ಲಿ ಬೇರೆ ಬೇರೆ ಕಡೆಯ ಜನ ಇದ್ದಾರೆ. ಕೆಂಪುಕಲ್ಲಿನ ಕೋರೆಯಲ್ಲಿ, ರಸ್ತೆ ಅಗಲೀಕರಣದಲ್ಲಿ, ಅಡಿಕೆ ತೋಟದಲ್ಲಿ, ಗೇರುಬೀಜದ ಕಾರ್ಖಾನೆಯಲ್ಲಿ, ನಮ್ಮದೇ ಕಾಲೇಜುಗಳ ಹೊಸ ಬ್ಲಾಕಿನ ಕಾಂಕ್ರೀಟ್ ಕೆಲಸದಲ್ಲಿ ಜಾರ್ಖಂಡ್, ಬಿಹಾರ, ಒಡಿಶಾ, ಅಸ್ಸಾಂನ ಹುಡುಗರು ದುಡಿಯುತ್ತಿದ್ದಾರೆ. ನಾಳೆ ಬಿ.ಸಿ.ರೋಡಿನ ಒಬ್ಬ ರೋಗಿಯಲ್ಲಿ ಲೀನಿಯೇಜ್ 3 ಸಿಕ್ಕಿತು ಅಂತ ಇಟ್ಟುಕೊಳ್ಳಿ. ವಾಟ್ಸಾಪ್ ಗ್ರೂಪಿನಲ್ಲಿ ಏನು ಬರ್ತದೆ ಅಂತ ಹೇಳಬೇಕಾ? 'ನೋಡಿ, ಹೊರಗಿನವರು ತಂದದ್ದು.'

ಇದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ. ಲೀನಿಯೇಜ್ ಹೇಳುವುದು ಬ್ಯಾಕ್ಟೀರಿಯಾದ ಅಜ್ಜ ಮುತ್ತಜ್ಜಂದಿರ ಕಥೆ, ರೋಗಿಯ ಊರನ್ನಲ್ಲ. ನಮ್ಮ ಊರುಗಳಿಂದ ತಲೆಮಾರುಗಳಿಂದ ಜನ ಮುಂಬಯಿಯ ಹೋಟೆಲುಗಳಿಗೆ ಹೋಗಿದ್ದಾರೆ, ಒಂದೇ ಕೋಣೆಯಲ್ಲಿ ಹತ್ತು ಹದಿನೈದು ಜನ ಮಲಗಿದ್ದಾರೆ, ಊರಿಗೆ ವಾಪಸ್ ಬಂದಿದ್ದಾರೆ. ಆಮೇಲೆ ಗಲ್ಫ್. ಹಾಗಿರುವಾಗ ಒಂದು ತಳಿ ಯಾರ ಎದೆಯಲ್ಲಿ, ಯಾವ ವರ್ಷ, ಯಾವ ರೈಲಿನಲ್ಲಿ ಬಂತು ಅಂತ ಲೀನಿಯೇಜ್ ಸಂಖ್ಯೆ ನೋಡಿ ಹೇಳಲು ಆಗುವುದಿಲ್ಲ. ಎರಡು ಮಾದರಿಗಳು ಹತ್ತಿರದವು ಅಂತ ಗೊತ್ತಾದರೂ ಯಾರಿಂದ ಯಾರಿಗೆ ಅಂತ ಜೀನೋಮ್ ಒಂದೇ ಸಾಬೀತು ಮಾಡುವುದಿಲ್ಲ. ನಡುವೆ ಪರೀಕ್ಷೆಯೇ ಆಗದ ಮೂರನೆಯವನೊಬ್ಬ ಇರಬಹುದು. ಟಿಬಿ ಎಷ್ಟೋ ವರ್ಷ ಸುಮ್ಮನೆ ಮಲಗಿದ್ದು ಎದ್ದೇಳುವ ರೋಗ ಬೇರೆ. ಸೋಂಕು ತಗುಲಿದ ಎಲ್ಲರಿಗೂ ಕಾಯಿಲೆ ಬರುವುದೂ ಇಲ್ಲ. ಜೀವಮಾನದಲ್ಲಿ ನೂರರಲ್ಲಿ ಐದರಿಂದ ಹತ್ತು ಜನಕ್ಕೆ ಮಾತ್ರ ಬರ್ತದೆ.

ಹೆಸರುಗಳ ವಿಷಯವನ್ನೂ ಇಲ್ಲೇ ಹೇಳಬೇಕು. ತಳಿಗಳಿಗೆ 'ಬೀಜಿಂಗ್', 'ಮನಿಲಾ', 'ಈಸ್ಟ್ ಆಫ್ರಿಕನ್ ಇಂಡಿಯನ್' ಎಂಬ ಹೆಸರುಗಳು ಪ್ರಬಂಧಗಳಲ್ಲಿ ಈಗಲೂ ಓಡಾಡುತ್ತಿವೆ. ಹೊಸ ರೋಗಗಳಿಗೆ ಊರು ದೇಶದ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಕೋವಿಡ್ ಕಾಲದಲ್ಲಿ 'ಇಂಡಿಯನ್ ವೇರಿಯಂಟ್' ಅಂದಾಗ ನಮಗೆ ಹೇಗೆ ಉರಿದಿತ್ತು ಎನ್ನುವುದು ನೆನಪಿದ್ದರೆ ಸಾಕು. ಸಂಖ್ಯೆಯಿಂದ ಕರೆಯೋಣ, ಊರಿನಿಂದ ಬೇಡ.

ಹಾಗಾದರೆ ಇಷ್ಟೆಲ್ಲ ತಾಪತ್ರಯ ಇರುವಾಗ ತಳಿ ತಿಳಿದು ಏನು ಪ್ರಯೋಜನ? ಎರಡು ಉದಾಹರಣೆ ಕೊಡ್ತೇವೆ, ಎರಡೂ ಹೊರದೇಶದವು, ಎರಡಕ್ಕೂ ನಮ್ಮ ಜೊತೆ ನೇರ ಸಂಬಂಧ ಉಂಟು.

ಒಂದು, ಆಫ್ರಿಕಾದ ಪುಟ್ಟ ದೇಶ ಎಸ್ವಾಟಿನಿ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಸಿಬಿನಾಟ್ ಅಂತ ಕರೆಯುವ ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯಾ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಬಗ್ಗುತ್ತದಾ ಎಂದು ಹೇಳ್ತದೆ. ಅದ್ಭುತ ಯಂತ್ರ. ಆದರೆ ಔಷಧ ನಿರೋಧ ಪತ್ತೆಗೆ ಅದು ನೋಡುವುದು ಒಂದು ಜೀನಿನ 81 ಅಕ್ಷರಗಳ ಕಿಟಕಿಯನ್ನು ಮಾತ್ರ. ಎಸ್ವಾಟಿನಿಯಲ್ಲಿ ಆ ಕಿಟಕಿಯ ಹೊರಗೆ ಬದಲಾವಣೆ ಆದ ತಳಿಯೊಂದು ಹರಡಿತ್ತು. 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿನ ಬಹು ಔಷಧ ನಿರೋಧಕ ತಳಿಗಳಲ್ಲಿ ಸುಮಾರು 30% ಇಂಥವು. ಯಂತ್ರ 'ಔಷಧಿ ಕೆಲಸ ಮಾಡ್ತದೆ' ಅಂದಿತು, ಔಷಧಿ ಕೆಲಸ ಮಾಡಲಿಲ್ಲ. ಕೋಡಿನ ಒಂದು ಭಾಗಕ್ಕೆ ಮಾತ್ರ ಟೆಸ್ಟ್ ಕೇಸ್ ಬರೆದು, ಬಗ್ ಇನ್ನೊಂದು ಭಾಗದಲ್ಲಿ ಇದ್ದರೆ ಏನಾಗ್ತದೋ ಅದೇ. ಪೂರ್ತಿ ಓದಿ ನೋಡದೆ ಇದು ಗೊತ್ತಾಗುವುದಾದರೂ ಹೇಗೆ?

ಎರಡು, ಹೊಸ ಔಷಧಿ. ಔಷಧ ನಿರೋಧಕ ಟಿಬಿಗೆ ಮೊದಲು ಒಂದೂವರೆ ಎರಡು ವರ್ಷ ಮಾತ್ರೆ ನುಂಗಬೇಕಿತ್ತು. ಈಗ ನಾಲ್ಕು ಔಷಧಿಗಳ ಆರು ತಿಂಗಳ ಚಿಕಿತ್ಸೆ ಬಂದಿದೆ. ಭಾರತ 2024ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದು ದೊಡ್ಡ ಸಂತೋಷದ ಸುದ್ದಿ. ಇದರಲ್ಲಿ ಇರುವ ಒಂದು ಔಷಧಿ ಪ್ರಿಟೊಮಾನಿಡ್. ಲೀನಿಯೇಜ್ 1ರ ತಳಿಗಳನ್ನು ಪ್ರಯೋಗಾಲಯದಲ್ಲಿ ತಡೆಯಲು ಬೇರೆ ಲೀನಿಯೇಜ್‌ಗಳಿಗಿಂತ ಹೆಚ್ಚು ಪ್ರಮಾಣದ ಪ್ರಿಟೊಮಾನಿಡ್ ಬೇಕಾಗ್ತದೆ ಎಂದು 2022ರಲ್ಲಿ ತೋರಿಸಲಾಯಿತು. ಈ ನಾಲ್ಕು ಔಷಧಿಗಳ ಚಿಕಿತ್ಸೆಯ ಪ್ರಮುಖ ಪ್ರಯೋಗ ನಡೆದದ್ದು ಬೆಲಾರೂಸ್, ದಕ್ಷಿಣ ಆಫ್ರಿಕಾ, ಉಜ್ಬೇಕಿಸ್ತಾನಗಳಲ್ಲಿ. ಲೀನಿಯೇಜ್ 1 ಹೆಚ್ಚಾಗಿ ಇರುವುದು ಇಲ್ಲಿ, ನಮ್ಮಲ್ಲಿ. ಇದರ ಅರ್ಥ ಔಷಧಿ ನಮಗೆ ಆಗುವುದಿಲ್ಲ ಅಂತಲ್ಲ. ಯಾರೂ ಅದನ್ನು ಕೇಳಿ ಮಾತ್ರೆ ಬಿಡಬೇಡಿ. ಪ್ರಯೋಗಾಲಯದ ಅಳತೆ ಬೇರೆ, ಮನುಷ್ಯರ ದೇಹ ಬೇರೆ, ನಾಲ್ಕು ಔಷಧಿ ಒಟ್ಟಿಗೆ ಕೆಲಸ ಮಾಡ್ತವೆ. ಇಲ್ಲಿಯ ತಳಿಯ ಮೇಲೆ ಅದು ಹೇಗೆ ನಡೆಯುತ್ತಿದೆ ಎಂದು ಇಲ್ಲಿಯವರೇ ಕಣ್ಣಿಟ್ಟು ನೋಡಬೇಕು, ಇಷ್ಟೇ ಇದರ ಅರ್ಥ. ಬೇರೆ ದೇಶದ ನಕ್ಷೆ ಹಿಡಿದುಕೊಂಡು ಚಾರ್ಮಾಡಿ ಘಾಟಿ ಇಳಿಯಲು ಆಗ್ತದಾ?

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಔಷಧ ನಿರೋಧಕ್ಕೆ ಕಾರಣವಾಗುವ ಬದಲಾವಣೆಗಳ ಪಟ್ಟಿಯ ಎರಡನೇ ಆವೃತ್ತಿ ಹೊರತಂದಿತು. 67 ದೇಶಗಳ 52,000ಕ್ಕೂ ಹೆಚ್ಚು ಮಾದರಿಗಳು ಅದರ ಹಿಂದೆ ಇವೆ. ನಮ್ಮಲ್ಲೂ ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ 2022ರಲ್ಲಿ ದೇಶಮಟ್ಟದ ಟಿಬಿ ಜೀನೋಮ್ ಕಾರ್ಯಕ್ರಮ ಶುರು ಮಾಡಿದೆ. ಬೆಂಗಳೂರಿನಲ್ಲಿ 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಅಂದರೆ ಅಡಿಪಾಯ ಇದೆ. ಆದರೆ ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇರುವಾಗ, ಒಮ್ಮೆ ಮಾದರಿ ತೆಗೆದು ಪ್ರಬಂಧ ಬರೆದರೆ ಮುಗಿಯುವ ಕೆಲಸ ಅಲ್ಲ ಇದು. ಹವಾಮಾನ ಇಲಾಖೆ ಪ್ರತಿ ದಿನ ಮಳೆ ಅಳೆಯುವ ಹಾಗೆ ನಿರಂತರ ನಡೆಯಬೇಕಾದ್ದು.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. 'ಹೊಟ್ಟೆಗೆ ಇಲ್ಲದವನ ಕಫದ ಜೀನೋಮ್ ಓದಿ ಏನು ಮಾಡ್ತೀರಿ? ಆ ದುಡ್ಡಿಗೆ ಅಕ್ಕಿ ಬೇಳೆ ಕೊಡಿ.' ಈ ಮಾತನ್ನು ತಳ್ಳಿಹಾಕಲು ನಮಗೆ ಆಗುವುದಿಲ್ಲ, ಯಾಕೆಂದರೆ ಇದಕ್ಕೆ ಪುರಾವೆ ಕೊಟ್ಟವರಲ್ಲಿ ನಮ್ಮ ಜಿಲ್ಲೆಯವರೇ ಇದ್ದಾರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ 'ರೇಷನ್ಸ್' ಎಂಬ ಪ್ರಯೋಗ ನಡೆಸಿ 2023ರಲ್ಲಿ ಪ್ರಕಟಿಸಿತು. ರೋಗಿಯ ಮನೆಯವರಿಗೆಲ್ಲ ತಿಂಗಳು ತಿಂಗಳು ಪೌಷ್ಟಿಕ ಆಹಾರದ ಕಿಟ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಯಿತು. ಸೋಂಕು ಹರಡುವ ಶ್ವಾಸಕೋಶದ ಟಿಬಿ 48% ಇಳಿಯಿತು. ನಮ್ಮ ಕ್ಯಾಂಪಸ್ಸಿನ ಗೋಡೆ ಕಟ್ಟುತ್ತಿರುವ ಹುಡುಗರ ಊರಿನಲ್ಲಿ ನಡೆದ ಪ್ರಯೋಗ ಇದು. ಸರಕಾರ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000 ರೂಪಾಯಿ ಮಾಡಿದೆ.

ಹಾಗಾಗಿ ಆಹಾರವೋ ಜೀನೋಮೋ ಎಂದು ಆರಿಸಬೇಕಾಗಿ ಬಂದರೆ ನಾವೂ ಆಹಾರ ಅನ್ನುತ್ತೇವೆ. ಆದರೆ ಹಾಗೆ ಆರಿಸಬೇಕಾದ ಅಗತ್ಯ ಇಲ್ಲ. ಆಹಾರ ರೋಗ ಬರುವುದನ್ನು ತಡೆಯುತ್ತದೆ. ತಳಿಯ ನಕ್ಷೆ ಎಲ್ಲಿ ತಡೆ ಸೋತಿದೆ ಎಂದು ತೋರಿಸುತ್ತದೆ. ಒಂದು ಕೋರೆಯ ಶೆಡ್ಡಿನ ನಾಲ್ಕು ಜನರ ಮಾದರಿಗಳು ಒಂದೇ ಎಂದಾದರೆ ಕಿಟಕಿ ಇಲ್ಲದ ಆ ತಗಡಿನ ಶೆಡ್ಡು ತಪ್ಪಿತಸ್ಥ. ನಾಲ್ಕೂ ಬೇರೆ ಬೇರೆ ಎಂದಾದರೆ ಹಳೇ ಸೋಂಕು ಎದ್ದಿದೆ, ಹೊಟ್ಟೆಗೆ ಸರಿಯಾಗಿ ಬೀಳುತ್ತಿಲ್ಲ ಎಂಬ ಕಡೆಗೆ ನೋಡಬೇಕು. ಒಂದೇ ಸಮಸ್ಯೆಗೆ ಎರಡು ಬೇರೆ ಉತ್ತರ. ಯಾವುದು ಎಂದು ಗೊತ್ತಿಲ್ಲದಿದ್ದರೆ ದುಡ್ಡು ತಪ್ಪು ಜಾಗಕ್ಕೆ ಹೋಗ್ತದೆ. 2015ರಲ್ಲಿ ಲಕ್ಷ ಜನಕ್ಕೆ 237 ಇದ್ದ ಭಾರತದ ಟಿಬಿ ಪ್ರಮಾಣ 2023ಕ್ಕೆ 195ಕ್ಕೆ ಇಳಿದಿದೆ. ಒಳ್ಳೆಯ ಇಳಿಕೆಯೇ. ಆದರೆ 2025ಕ್ಕೆ ಟಿಬಿ ಮುಗಿಸ್ತೇವೆ ಎಂದು ದೇಶ ಹಾಕಿಕೊಂಡಿದ್ದ ಗುರಿಗೆ ಈ ವೇಗ ಸಾಲಲಿಲ್ಲ.

ಇನ್ನು ಖಾಸಗಿತನ. ಹೆಸರು ತೆಗೆದರೆ ಸಾಕು ಅಂತ ಡೇಟಾ ಕೆಲಸ ಮಾಡುವವರು ಸುಲಭವಾಗಿ ಹೇಳ್ತಾರೆ. ಬೆಳ್ತಂಗಡಿ ತಾಲೂಕಿನ ಒಂದು ಸಣ್ಣ ಗ್ರಾಮದಲ್ಲಿ ಗ್ರಾಮದ ಹೆಸರು, ವಯಸ್ಸು, ಉದ್ಯೋಗ ಈ ಮೂರು ಕಾಲಂ ಸಾಕು, ಹಾಲಿನ ಡಿಪೋದಲ್ಲಿ ನಿಂತವರು ಮನೆ ಹೆಸರು ಸಮೇತ ಹೇಳಿಬಿಡ್ತಾರೆ. ಆಮೇಲೆ ಆ ಮನೆಯ ಹುಡುಗಿಗೆ ಸಂಬಂಧ ಬರುವುದಿಲ್ಲ, ಆ ಮನೆಯಲ್ಲಿ ಕಟ್ಟಿದ ಬೀಡಿ ಬೇಡ ಅನ್ನುವವರು ಹುಟ್ಟಿಕೊಳ್ತಾರೆ. ಬೀಡಿ ಕಟ್ಟುವ ಅಕ್ಕಂದಿರು ಎರಡು ತಿಂಗಳು ಕೆಮ್ಮಿದರೂ 'ಹೊಗೆಸೊಪ್ಪಿನ ಧೂಳು' ಅಂತ ಸುಮ್ಮನಿರುವುದಕ್ಕೆ ಈ ಹೆದರಿಕೆಯೂ ಒಂದು ಕಾರಣ. ನಂದಳಿಕೆಯ ಮುದ್ದಣ 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಇನ್ನೂ 31 ವರ್ಷ. ಆಗ ಔಷಧಿಯೇ ಇರಲಿಲ್ಲ. ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಇವತ್ತು ಔಷಧಿ ಇದೆ, ಉಚಿತವಾಗಿ ಇದೆ, ಆದರೂ ಜನ ಬಚ್ಚಿಡುತ್ತಾರೆ. ತಳಿಯ ನಕ್ಷೆ ಆ ಭಯವನ್ನು ಹೆಚ್ಚಿಸುವುದಾದರೆ ಅಂಥ ನಕ್ಷೆ ಬೇಡವೇ ಬೇಡ.

ಹಾಗಾಗಿ ನಾವು ಕೇಳುವುದು ಇಷ್ಟು.

ಮೊದಲನೆಯದು, ಜಿಲ್ಲೆಯಲ್ಲಿ ಪತ್ತೆಯಾಗುವ ಔಷಧ ನಿರೋಧಕ ಟಿಬಿಯ ಪ್ರತಿ ಮಾದರಿಯ ಪೂರ್ಣ ಜೀನೋಮ್ ಓದಬೇಕು, ಆಮೇಲೆ ಉಳಿದವುಗಳಿಗೂ ವಿಸ್ತರಿಸಬೇಕು. ಫಲಿತಾಂಶ ಪ್ರಬಂಧವಾಗುವ ಮೊದಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವೈದ್ಯರ ಮೇಜಿಗೆ ವಾಪಸ್ ಬರಬೇಕು.

ಎರಡನೆಯದು, ದೇಶಗಳ ನಡುವೆ ಹಂಚುವ ಡೇಟಾದಲ್ಲಿ ಜಿಲ್ಲೆಗಿಂತ ಸಣ್ಣ ವಿಳಾಸ ಇರಬಾರದು. ಗ್ರಾಮಮಟ್ಟದ ವಿವರ ಆರೋಗ್ಯ ಇಲಾಖೆಯ ಒಳಗೇ ಇರಲಿ. ಯಾವ ರಾಜ್ಯದಿಂದ ಬಂದವರು ಎಂಬುದು ನಕ್ಷೆಯ ಬಣ್ಣ ಆಗಬಾರದು.

ಮೂರನೆಯದು ನಮ್ಮ ಕಾಲೇಜುಗಳಿಗೆ. ಟಿಬಿ ಇದೆ ಎಂದು ಗೊತ್ತಾದ ವಿದ್ಯಾರ್ಥಿಗೆ ಅಟೆಂಡೆನ್ಸ್ ಹೋಗಬಾರದು, ಹಾಸ್ಟೆಲ್ ಸೀಟು ಹೋಗಬಾರದು. ಸಾಮಾನ್ಯ ಟಿಬಿಯಲ್ಲಿ ಸರಿಯಾದ ಔಷಧಿ ಶುರುವಾಗಿ ಕೆಲವು ವಾರಗಳಲ್ಲೇ ಹರಡುವ ಶಕ್ತಿ ತೀರಾ ಕಡಿಮೆಯಾಗ್ತದೆ. ಈ ಭರವಸೆಯನ್ನು ಬರೆದು ನೋಟಿಸ್ ಬೋರ್ಡಿನಲ್ಲಿ ಹಾಕಿ. ನಮ್ಮ ಕಟ್ಟಡದ ಕೆಲಸಕ್ಕೆ ಬಂದವರ ಶೆಡ್ಡಿಗೆ ಗಾಳಿ ಬೆಳಕು ಇರಬೇಕೆಂದು ಟೆಂಡರಿನಲ್ಲೇ ಬರೆಯಿರಿ.

ನಾಲ್ಕನೆಯದು ನಮಗೆ ನಾವೇ. ಪ್ರತಿ ವರ್ಷ ಅದೇ ಫೇಸ್ ರೆಕಗ್ನಿಶನ್ ಅಟೆಂಡೆನ್ಸ್ ಪ್ರಾಜೆಕ್ಟ್ ಎಷ್ಟು ಸಲ ಮಾಡುವುದು? ಸಾವಿರಾರು ಟಿಬಿ ಜೀನೋಮ್‌ಗಳು ಸಾರ್ವಜನಿಕ ಡೇಟಾಬೇಸ್‌ಗಳಲ್ಲಿ ಉಚಿತವಾಗಿ ಸಿಗ್ತವೆ. ಇಳಿಸಿಕೊಂಡು ಮರ ಕಟ್ಟಿ ನೋಡಿ. ಸಿವಿಲ್‌ನವರು, ಎಲೆಕ್ಟ್ರಾನಿಕ್ಸ್‌ನವರು ಸೇರಿ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇಟ್ಟು ಹಾಸ್ಟೆಲ್ ಕೋಣೆಗಳ ಗಾಳಿ ಅಳೆಯಿರಿ. ಹೊರಗೆ ಸುಮಾರು 420 ಪಿಪಿಎಂ ಇರುವುದು, ಮಳೆಗಾಲದಲ್ಲಿ ಕಿಟಕಿ ಮುಚ್ಚಿ ನಾಲ್ಕು ಜನ ಮಲಗಿದ ಕೋಣೆಯಲ್ಲಿ ಬೆಳಗ್ಗೆ ಎಷ್ಟಾಗಿರ್ತದೆ ಅಂತ ನೀವೇ ನೋಡಿ. ಆ ಸಂಖ್ಯೆ ಅಂದರೆ ನಾವು ಒಬ್ಬರ ಉಸಿರನ್ನು ಒಬ್ಬರು ಎಷ್ಟು ಹಂಚಿಕೊಳ್ತೇವೆ ಎನ್ನುವುದರ ಲೆಕ್ಕ.

ಕೊನೆಗೆ ಒಂದು ಮಾತು. ಎರಡು ವಾರ ದಾಟಿದ ಕೆಮ್ಮು ಇದ್ದರೆ, ಸಂಜೆ ಜ್ವರ ಬರ್ತಾ ಇದ್ದರೆ, ತೂಕ ಇಳೀತಾ ಇದ್ದರೆ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಖರ್ಚಿಲ್ಲ. ರೂಮ್‌ಮೇಟ್ ಕೆಮ್ಮುತ್ತಿದ್ದರೆ ದೂರ ಸರಿಯಬೇಡಿ, ಕರೆದುಕೊಂಡು ಹೋಗಿ. ಜಗತ್ತಿನ ಯಾವ ಜೀನೋಮ್ ಲ್ಯಾಬ್ ಆದರೂ ಓದಲು ಸಾಧ್ಯವಾಗುವುದು ಯಾರೋ ಒಬ್ಬರು ಧೈರ್ಯ ಮಾಡಿ ಡಬ್ಬಿಯಲ್ಲಿ ಕೊಟ್ಟ ಕಫವನ್ನು ಮಾತ್ರ.